ದೇಕವ್ವೆಯ ಜ್ವರ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಧಾರಾವಾಹಿಯ ನಲವತ್ತೊಂದನೆಯ ಕಂತು ಹೇಮಲತಾಳ ಫೋನಿಗೆ ಬಂತು. ಅದನ್ನು ಬರೆಯುತ್ತಿರುವವನು ತನ್ನ ಗಂಡ ಎಂದು ಹತ್ತೂವರೆಗೆ ಅವಳಿಗೆ ಗೊತ್ತಾಯಿತು.

ಕಥೆ ಬರುತ್ತಿದ್ದದ್ದು ಓದುವ ಆ್ಯಪ್ ಒಂದರಲ್ಲಿ, ಮಂಗಳವಾರ ಮತ್ತು ಶುಕ್ರವಾರ. ಬರೆಯುವವರ ಹೆಸರು ‘ಸಿರಿ’ ಎಂದಿತ್ತು. ಫೋಟೋದ ಜಾಗದಲ್ಲಿ ದಾಸವಾಳದ ಹೂವು. ಕಥೆ ನಡೆಯುವುದು ಎಂಟುನೂರು ವರ್ಷದ ಹಿಂದಿನ ದೋರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ. ಮಾಚಿಸೆಟ್ಟಿ ಎಂಬ ಜೈನ ಜವಳಿ ವ್ಯಾಪಾರಿ. ಹೊತ್ತು ಮುಳುಗಿದ ಮೇಲೆ ಉಣ್ಣದವನು, ಇರುವೆ ಕಂಡರೆ ಕಾಲು ತೆಗೆದು ಇಡುವವನು, ಮಾತು ಕಡಿಮೆ. ಅವನು ಮನಸ್ಸು ಕೊಟ್ಟದ್ದು ಕೇತ ಎಂಬ ಗರುಡನಿಗೆ. ಗರುಡರೆಂದರೆ, ದೊರೆ ಸತ್ತ ದಿನ ತಾವೂ ಸಾಯುತ್ತೇವೆಂದು ಆಣೆಯಿಟ್ಟ ಅಂಗರಕ್ಷಕರು. ಕೊಲ್ಲುವುದೇ ಕೇತನ ಕಸುಬು. ತೊಡೆ ತಟ್ಟಿಕೊಂಡು ನಗುತ್ತಾನೆ, ಉಂಡ ಎಲೆಯನ್ನು ಅಲ್ಲೇ ಬಿಟ್ಟು ಏಳುತ್ತಾನೆ. ಇಬ್ಬರ ನಡುವೆ ಮಾಚಿಸೆಟ್ಟಿಯ ಹೆಂಡತಿ ದೇಕವ್ವೆ.

ಹೇಮಲತಾ ಬೇಲೂರಿನ ಹುಡುಗಿ. ಮದುವೆಗೆ ಮುಂಚೆ ಅಲ್ಲಿನ ಲೈಬ್ರರಿಯ ಕಾದಂಬರಿಗಳನ್ನೆಲ್ಲ ಓದಿದ್ದಳು. ಅವುಗಳಲ್ಲಿ ಹತ್ತನೆಯ ಪುಟಕ್ಕೇ ಯಾರು ಸೋಲುತ್ತಾರೆ ಎಂದು ತಿಳಿಯುತ್ತಿತ್ತು, ಹೆಣ್ಣು ಸೋಲುತ್ತಿದ್ದಳು. ಮಾಚಿಸೆಟ್ಟಿ ಮತ್ತು ಕೇತನಲ್ಲಿ ಯಾರು ಬಗ್ಗುತ್ತಾರೆಂದು ಮುಂಚೆಯೇ ಹೇಳುವ ಹಾಗಿರಲಿಲ್ಲ. ಒಂದು ಕಂತಿನಲ್ಲಿ ಇವನು, ಇನ್ನೊಂದರಲ್ಲಿ ಅವನು. ಮೇಲಾಗಿ ಎಂಟುನೂರು ವರ್ಷ ಕಳೆದಿದೆ, ಎಲ್ಲರೂ ಸತ್ತಿದ್ದಾರೆ, ಯಾರ ಅಪ್ಪನೂ ದೊಣ್ಣೆ ಹಿಡಿದು ಬರುವುದಿಲ್ಲ. ಅರಸೀಕೆರೆಯ ಈ ಮನೆಯಲ್ಲಿ ಗಂಡ ಇಂದ್ರೇಶ್ ಏಳು ವರ್ಷದಿಂದ ಅವಳೊಂದಿಗೆ ಮರ್ಯಾದೆಯಾಗಿ ಮಾತಾಡುತ್ತಿದ್ದ, ಮರ್ಯಾದೆಯಾಗಿ ದೂರ ಮಲಗುತ್ತಿದ್ದ. ಮಕ್ಕಳಿರಲಿಲ್ಲ. ಅವಳು ಪ್ರತಿ ಕಂತನ್ನೂ ಎರಡು ಸಲ ಓದುತ್ತಿದ್ದಳು. ಒಂದು ಸಲ ತನಗೆ, ಒಂದು ಸಲ ಗಟ್ಟಿಯಾಗಿ ಅತ್ತೆ ಸುವರ್ಣಮ್ಮನಿಗೆ.

ಅತ್ತೆಗೆ ಮೊದಮೊದಲು ಇಬ್ಬರು ಗಂಡಸರ ಕಥೆ ಎಂದು ಮುಜುಗರವಿತ್ತು. ಐದನೆಯ ಕಂತಿನ ಹೊತ್ತಿಗೆ, “ಸೇರ್ಕೊಳ್ಲಿ ಬಿಡೇ, ಪಾಪ. ಆ ಹೆಣ್ಣೊಂದು ಅಡ್ಡ ಕೂತೈತೆ,” ಎನ್ನತೊಡಗಿದ್ದರು.

ಮೂವತ್ತೆಂಟನೆಯ ಕಂತಿನ ಕೆಳಗೆ ಸಿರಿ ಓದುಗರನ್ನು ಕೇಳಿದ್ದರು: ದೇಕವ್ವೆಯನ್ನು ಏನು ಮಾಡೋಣ? ‘ಹೇಮಲತಾ ಇಂದ್ರೇಶ್, ಅರಸೀಕೆರೆ’ ಎಂಬ ತನ್ನ ಹೆಸರಿನಲ್ಲೇ ಹೇಮಲತಾ ಬರೆದಿದ್ದಳು: “ಜ್ವರ ಬಂದು ಸಾಯಲಿ. ಅವರಿಬ್ಬರು ನೆಮ್ಮದಿಯಾಗಿರಲಿ.” ಅದನ್ನು ಆರುನೂರ ಹನ್ನೆರಡು ಜನ ಮೆಚ್ಚಿದ್ದರು. ಸಿರಿ ಉತ್ತರ ಕೊಟ್ಟಿದ್ದರು: “ನಿಮ್ಮ ಸಲಹೆ ನೆನಪಿಡುತ್ತೇನೆ.”

ನಲವತ್ತೊಂದನೆಯ ಕಂತಿನಲ್ಲಿ ಮಾಚಿಸೆಟ್ಟಿ ಕೇತನನ್ನು ನಗಿಸಲು ಹೆಂಡತಿಯ ಒಂದು ಪ್ರಸಂಗ ಹೇಳುತ್ತಾನೆ. ಮದುವೆಯಾದ ವರ್ಷ ದೇಕವ್ವೆ, ಅತ್ತೆ ಊರಲ್ಲಿಲ್ಲದಾಗ, ಕೊಬ್ಬರಿಗೆಂದು ಅಟ್ಟದಲ್ಲಿ ಹಾಕಿದ್ದ ಕಾಯಿಗಳನ್ನು ಎಂಟನೆಯ ತಿಂಗಳಿಗೇ ಇಳಿಸಿ ಒಡೆಯುತ್ತಾಳೆ. ಹತ್ತೊಂಬತ್ತು ಕಾಯಿ. ಎಲ್ಲದರಲ್ಲೂ ಇನ್ನೂ ನೀರು. ಅವನ್ನು ಬಚ್ಚಲುಮನೆಯ ಹಿಂದಿನ ಮಟ್ಟೆ ರಾಶಿಯೊಳಗೆ ಬಚ್ಚಿಟ್ಟು ಅಳುತ್ತ ಕೂರುತ್ತಾಳೆ. ಕೇತ ತೊಡೆ ತಟ್ಟಿಕೊಂಡು ನಗುತ್ತಾನೆ: “ಕಾಯಿಗೂ ದಿನ ತುಂಬಲು ಬಿಡದವಳು. ಅವಳ ಹೊಟ್ಟೆಯಲ್ಲಿ ಏನು ನಿಂತೀತು?”

ದೋರಸಮುದ್ರದ ಜವಳಿ ವ್ಯಾಪಾರಿಯ ಮನೆಯಲ್ಲಿ ಅಟ್ಟದ ಕೊಬ್ಬರಿ ಮಾಡುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅರಸೀಕೆರೆಯಲ್ಲಿ ಮಾಡುತ್ತಾರೆ. ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಇರಬೇಕು. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಒಣ ಸದ್ದು ಬರಬೇಕು. ಬೇಲೂರಿನಲ್ಲಿ ಕಾಯಿಯನ್ನು ಹಸಿಯಾಗಿಯೇ ಬಳಸುತ್ತಾರೆ. ಹೇಮಲತಾಳಿಗೆ ಮದುವೆಯಾದ ವರ್ಷ ಈ ಹನ್ನೊಂದು ತಿಂಗಳ ಲೆಕ್ಕ ತಿಳಿದಿರಲಿಲ್ಲ. ಅತ್ತೆ ಶಿವರಾತ್ರಿಗೆ ಮಠಕ್ಕೆ ಹೋಗಿದ್ದಾಗ ಒಳ್ಳೆಯ ಸೊಸೆ ಎನಿಸಿಕೊಳ್ಳಲು ಹತ್ತೊಂಬತ್ತು ಕಾಯಿ ತಾನೇ ಸುಲಿದು ಒಡೆದಿದ್ದಳು. ಸಂಜೆ ಬಂದ ಇಂದ್ರೇಶ್ ಒಂದು ಮಾತೂ ಆಡದೆ ಅವನ್ನು ಗೋಣಿಚೀಲಕ್ಕೆ ತುಂಬಿ, ಸ್ಕೂಟರಿನಲ್ಲಿ ಒಯ್ದು, ಕೆರೆ ಏರಿಯಾಚೆ ಎಸೆದು ಬಂದಿದ್ದ. ಅಮ್ಮನಿಗೆ, ಇಲಿ ತಿಂದವು ಎಂದಿದ್ದ. ಈ ಮದುವೆಯಲ್ಲಿ ತನ್ನದು ಎಂದುಕೊಳ್ಳಲು ಹೇಮಲತಾಳಿಗೆ ಇದ್ದದ್ದು ಅದೊಂದೇ ದಿನ.

ಕೇತ ಯಾರೆಂದೂ ಈಗ ತಿಳಿಯಿತು. ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದ ಮಾದಿಹಳ್ಳಿಯ ಸುನಿಲ್, ಹರಾಜಿನ ದಿನ ಅಪ್ಪನ ಮೂಟೆಯೊಂದಿಗೆ ಇಂದ್ರೇಶನ ಕೊಬ್ಬರಿ ಮಂಡಿಗೆ ಬರುತ್ತಿದ್ದ. ಮಧ್ಯಾಹ್ನ ಈ ಮನೆಯಲ್ಲೇ ಊಟ. “ಅಮ್ಮಾ, ಇನ್ನೊಂದು ಮುದ್ದೆ ಹಾಕ್ರಮ್ಮ, ನಿಮ್ಮ ಮಗ ತಿನ್ನೋದನ್ನೂ ನಾನೇ ತಿನ್ತೀನಿ,” ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದ. ತಟ್ಟೆ ಎತ್ತುತ್ತಿದ್ದವಳು ಹೇಮಲತಾ.

“ಬಂತೇನೇ? ಓದೇ ಹೇಮಾ, ಕೇಳಾನ,” ಎಂದರು ಅತ್ತೆ, ಅವರೆಕಾಯಿ ಸುಲಿಯುತ್ತ.

ಅವಳು ಓದಿದಳು. ಒಂದು ಸಾಲನ್ನೂ ಬಿಡಲಿಲ್ಲ.

“ಎಂಟ್ ತಿಂಗ್ಳಿಗೇ ಇಳಿಸಿದ್ಲಾ?” ಸುವರ್ಣಮ್ಮನಿಗೆ ನಕ್ಕು ಕೆಮ್ಮು ಬಂತು. “ಯಾವೂರ್ ಹೆಣ್ಣೋ. ಸಾಯ್ಲಿ ಬಿಡು ಅತ್ಲಾಗೆ.”

ಒಂದೂವರೆಗೆ ಇಂದ್ರೇಶ್ ಊಟಕ್ಕೆ ಬಂದ. ಅತ್ತೆ ಒಳಗೆ ಮಲಗಿದ್ದರು. ಹೇಮಲತಾ ತಟ್ಟೆ ಇಟ್ಟು ಎದುರಿಗೆ ಕುಳಿತಳು.

“ಕಾಯಿ ಒಡೆದಿದ್ದನ್ನ ಹೇಳಿದಾಗ ಸುನಿಲ್ ನಕ್ಕನಾ?”

ಇಂದ್ರೇಶ್ ಕಲಸುತ್ತಿದ್ದ ಕೈ ನಿಲ್ಲಿಸಿದ. ಬಾಗಿಲ ಕಡೆ ನೋಡಿದ. ಆಮೇಲೆ, “ನಕ್ಕ,” ಎಂದ.

“ನೀವು?”

“ನಾನೂ.”

“ಹೊಟ್ಟೆ ಮಾತು ಅವನದಾ, ನೀವು ಸೇರಿಸಿದ್ದಾ?”

“ಅವನು ತಮಾಷೆಗೆ ಅಂದಿದ್ದು.”

“ದೇಕವ್ವೆಯನ್ನ ಏನು ಮಾಡೋಣ ಅಂತ ಕೇಳಿದ್ರಲ್ಲ. ಉತ್ತರ ಕೊಟ್ಟಿದ್ದು ನಾನು ಅಂತ ನಿಮಗೆ ಗೊತ್ತಿತ್ತು.”

“ಕೇಳಿದ್ದೇ ನಿನಗೋಸ್ಕರ,” ಎಂದ ಇಂದ್ರೇಶ್. “ಬಾಯಿಬಿಟ್ಟು ಕೇಳೋಕೆ ಆಗಲಿಲ್ಲ. ತವರಿಗೆ ಹೋಗಿ ಬೇರೆ ಬದುಕು ನೋಡ್ಕೊಳ್ಲಿ ಅಂತ ನೀನು ಬರೆದಿದ್ರೆ, ಅವತ್ತೇ ಎಲ್ಲ ಹೇಳಿ ನಿನ್ನನ್ನ ಬಿಡ್ತಿದ್ದೆ. ನೀನು ಸಾಯ್ಲಿ ಅಂದೆ.”

“ಈಗ?”

“ಶುಕ್ರವಾರ ಜ್ವರ ಬರುತ್ತೆ. ಬರೆದಾಗಿದೆ.”

ಹೇಮಲತಾ ಅವನ ತಟ್ಟೆಗೆ ಸಾರು ಬಡಿಸಿದಳು. “ಜ್ವರ ಬರ್ಲಿ. ಅವಳು ಬದುಕ್ತಾಳೆ. ಮುಂದಿನದು ನಾನು ಹೇಳ್ತೀನಿ, ನೀವು ಬರೀರಿ. ಇಲ್ಲಾಂದ್ರೆ ಇವತ್ತು ಕಥೆ ಬರೆದೋರ ನಿಜ ಹೆಸರೂ ಅತ್ತೆಗೆ ಓದಿ ಹೇಳ್ತೀನಿ. ಕೇತನ ಹೆಸರೂ.”

ಗುರುವಾರ ಸಂಜೆ ಐದಕ್ಕೆ, ಮಂಡಿಯಲ್ಲಿ ಆಳುಗಳು ಹೋದ ಮೇಲೆ, ಹೇಮಲತಾ ಕೊಬ್ಬರಿ ಮೂಟೆಯ ಮೇಲೆ ಕುಳಿತು ಹೇಳಿದಳು. ಇಂದ್ರೇಶ್ ಫೋನಿನಲ್ಲಿ ಬರೆದ. ಜ್ವರ ಬಿಟ್ಟ ದೇಕವ್ವೆ ಜಗಲಿಯಲ್ಲಿ ಕೂರುತ್ತಾಳೆ. ಮಾಚಿಸೆಟ್ಟಿ ಕೇತನನ್ನು ಅಂಗಳಕ್ಕೆ ಕರೆಸಿ, ಒಳಗೆ ಕರೆಯದೆ, ಅವಳೆದುರೇ ಹೇಳುತ್ತಾನೆ: “ನಿನ್ನಂಥವನು ಹೊತ್ತು ಕಳೆಯಲು ಚೆನ್ನ. ಮನೆಗಲ್ಲ. ಇನ್ನು ಬರಬೇಡ.”

“ಅವನ ಕಣ್ಣು ತುಂಬಿ ಬಂತು,” ಎಂದು ಇಂದ್ರೇಶ್ ತಾನಾಗಿ ಸೇರಿಸಿದ.

“ಯಾರದು? ಮಾಚಿಸೆಟ್ಟಿಯದಾ? ತೆಗೀರಿ. ಅವನಿಗೇನೂ ಆಗಿಲ್ಲ.”

ಇಂದ್ರೇಶ್ ತೆಗೆದ. “ಸುನಿಲ್ ಇದನ್ನ ನಿಜ ಅಂದ್ಕೋತಾನೆ, ಹೇಮಾ. ಪ್ರತಿ ಕಂತೂ ಅವನಿಗೇ ಬರೆದಿದ್ದು. ಟೂರಿಸ್ಟ್ ಬಸ್ಸುಗಳು ಬರೋಕೆ ಮುಂಚೆ ದೇವಸ್ಥಾನದ ಜಗಲಿ ಮೇಲೆ ಕೂತು ಓದ್ತಾನೆ.”

“ಕಾಯಿ ಕಥೆ ನಿಜ ತಾನೆ? ಇದೂ ನಿಜ ಇರ್ಲಿ.”

“ಫೋನ್ ಮಾಡಿ ಹೇಳ್ತೀನಿ.”

“ಹೇಳಿ. ನಾನು ಫೋನ್ ಕಿತ್ಕೊಳ್ಳಲ್ಲ,” ಎಂದಳು ಹೇಮಲತಾ. “ಹೇಳಿದ್ರೆ ಮುಂದಿನ ಹರಾಜಿಗೆ ಅವನು ನಗ್ತಾ ಬರ್ತಾನೆ. ಮುದ್ದೆ ಬಡಿಸೋಳು ನಾನೇ. ಮುಖ ನೋಡಿದ್ರೆ ಗೊತ್ತಾಗುತ್ತೆ. ಆಮೇಲೆ ಅತ್ತೆ ಹತ್ರ ಹೋಗ್ತೀನಿ.”

ಶುಕ್ರವಾರ ಹತ್ತು ಇಪ್ಪತ್ತಕ್ಕೆ ನಲವತ್ತೆರಡನೆಯ ಕಂತು ಹೋಯಿತು. ಅದುವರೆಗಿನ ಯಾವ ಕಂತಿಗೂ ಅಷ್ಟು ಓದುಗರು ಸಿಕ್ಕಿರಲಿಲ್ಲ. ಬಹಳ ಜನ ಮಾಚಿಸೆಟ್ಟಿಗೆ ಶಾಪ ಹಾಕಿದರು. ಇನ್ನೂ ಬಹಳ ಜನ, ಹೀಗೆ ಕಣ್ಣೀರು ತರಿಸಿದ್ದಕ್ಕೆ ಸಿರಿಗೆ ಕೈಮುಗಿದರು. ಸುವರ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಂಗನ್ನಬಾರ್ದಿತ್ತು ಕಣೇ ಆ ಸೆಟ್ಟಿ. ಕೇತ ಅಷ್ಟು ಜೀವ ಇಟ್ಕೊಂಡಿದ್ನಲ್ಲ,” ಎಂದರು.

ಹನ್ನೊಂದರಿಂದ ಒಂದರವರೆಗೆ ಮಂಡಿಯಲ್ಲಿ ಇಂದ್ರೇಶನ ಫೋನು ಒಂಬತ್ತು ಸಲ ರಿಂಗಾಯಿತು, ಒಂಬತ್ತೂ ಸುನಿಲನದೇ. ಅವನು ಅದನ್ನು ಮೇಜಿನ ಮೇಲಿಟ್ಟು ನೋಡುತ್ತ ಕುಳಿತಿದ್ದ. ತೆಗೆಯಬಹುದಿತ್ತು, ತಡೆಯಲು ಅಲ್ಲಿ ಯಾರೂ ಇರಲಿಲ್ಲ. ಒಂದು ಗಂಟೆಯ ಮೇಲೆ ಕರೆ ಬರಲಿಲ್ಲ.

ಮುಂದಿನ ಹರಾಜಿಗೆ ಮೂಟೆ ತಂದವನು ಸುನಿಲನ ಅಪ್ಪ ಹನುಮಂತಯ್ಯ. ಹೇಮಲತಾ ಅವರಿಗೂ ಇಂದ್ರೇಶನಿಗೂ ಊಟ ಬಡಿಸಿದಳು. ಮಗನ ಬಗ್ಗೆ ಕೇಳಿದಳು.

“ಅದೇನಾಯ್ತೋ ಕಣವ್ವ,” ಎಂದರು ಹನುಮಂತಯ್ಯ. “ನಾಕ್ ದಿನ ಅನ್ನ ಮುಟ್ಲಿಲ್ಲ. ಗೈಡ್ ಕೆಲ್ಸಕ್ಕೂ ಹೋಗ್ನಿಲ್ಲ. ಐದ್ನೇ ದಿನ ಎದ್ದು, ಅಪ್ಪಾ, ನೀನ್ ತೋರ್ಸಿದ್ ಹೆಣ್ಣನ್ನೇ ಮಾಡ್ಕೋತೀನಿ ಅಂದ. ಆರು ವರ್ಸದಿಂದ ಬೇಡ ಅಂತಿದ್ದೋನು. ದೇವ್ರು ಕಣ್ಬಿಟ್ಟ.”

ಇಂದ್ರೇಶ್ ಕೈ ತೊಳೆಯಲು ಎದ್ದು ಹೋದ.

ಮಾರ್ಚ್ ಒಂಬತ್ತರಂದು ಮಾದಿಹಳ್ಳಿಯಲ್ಲಿ ಸುನಿಲನ ಮದುವೆಯಾಯಿತು. ಇಂದ್ರೇಶ್ ಮತ್ತು ಹೇಮಲತಾ ಜಾವಗಲ್ ಮಾರ್ಗದ ಬಸ್ಸಿನಲ್ಲಿ ಹೋಗಿ, ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹಿಂದಿರುಗಿದರು.