ಒಂದೂಕಾಲು ಸೇರು

“ಇವತ್ತು ಒಂದು ಕೆಜಿ ನಾನೂರು,” ಎಂದು ನರ್ಸ್ ಬಾಗಿಲ ಸಂದಿಯಿಂದಲೇ ಹೇಳಿ ಒಳಗೆ ಹೋದಳು. ನಿನ್ನೆಗಿಂತ ನಲವತ್ತು ಗ್ರಾಂ ಕಡಿಮೆ. ಬಾಣಂತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಮಗಳನ್ನು ಅವಳು ಇನ್ನೂ ಎತ್ತಿಕೊಂಡಿರಲಿಲ್ಲ. ಹೊಲಿಗೆ ಉರಿಯುತ್ತಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಅತ್ತೆ ಕೇಳಿದರು, “ಏನಂದ್ಲು?”

“ಒಂದು ಕೆಜಿ ನಾನೂರು ಗ್ರಾಂ ಅಂತೆ.”

“ಅದು ನನ್ನ ತಲೆಗೆ ಹತ್ತಲ್ಲ ಕಣೇ. ಸೇರಲ್ಲಿ ಹೇಳು.”

ಅತ್ತೆ ಪ್ರಾಯದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದವರು. ಕಿಲೋ ಬಂದಿದ್ದರೂ ಆ ಅಂಗಡಿಯಲ್ಲಿ ಸೇರು, ತೊಲದ್ದೇ ಲೆಕ್ಕ. ಈಗಲೂ ಅವರ ಕೈ ನಂಬುವುದು ಆ ಹಳೆಯ ತೂಕದ ಕಲ್ಲುಗಳನ್ನೇ. ಸೊಸೆಯ ಅಡುಗೆಯಿಂದ ಹಿಡಿದು ನಡಿಗೆಯವರೆಗೆ ಎಲ್ಲದಕ್ಕೂ ಮೂಗು ಮುರಿಯುವ ಮುದುಕಿ. ಇದಕ್ಕೇನನ್ನುತ್ತಾರೋ ಎಂದು ಸೊಸೆಗೆ ಪುಕಪುಕ.

“ಒಂದು ಸೇರಿಗೆಷ್ಟು ಅತ್ತೆ?”

“ಎಂಬತ್ತು ತೊಲ.”

ತೊಲ ಕಟ್ಟಿಕೊಂಡು ಅವಳೇನು ಮಾಡಿಯಾಳು? ಫೋನಿನಲ್ಲಿ ಹುಡುಕಿದಳು. ಸೇರಿಗೆ ಒಂಬೈನೂರ ಮೂವತ್ತಮೂರು ಗ್ರಾಂ. ಒಮ್ಮೆ ತಪ್ಪು ಒತ್ತಿ, ಮತ್ತೆ ಒತ್ತಿದಳು.

“ಒಂದೂವರೆ ಸೇರು.”

ಅತ್ತೆ ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡರು.

“ಅದಕ್ಯಾಕೆ ಹೀಗೆ ಮುಖ ಬಾಡಿಸ್ಕೊಂಡಿದ್ದೀಯ? ನಿನ್ನ ಗಂಡ ಹುಟ್ಟಿದಾಗ ಒಂದೂಕಾಲು ಸೇರು. ಅಂಗಡಿ ತಕ್ಕಡೀಲಿ ಬಟ್ಟೆ ಹಾಸಿ ನಾನೇ ತೂಗಿದ್ದೆ. ಈಗ ನೋಡು, ಬಾಗಿಲಲ್ಲಿ ನಿಂತ್ರೆ ಮನೆಗೆ ಬೆಳಕು ಬರಲ್ಲ.”

ಸೊಸೆಗೆ ನಗು ಬಂತು, ಹೊಲಿಗೆ ಜಗ್ಗಿತು. ಮತ್ತೆ ಫೋನು ತೆಗೆದು ಸೇರನ್ನು ಗ್ರಾಂಗೆ ತಿರುಗಿಸಿದಳು. ಸಾವಿರದ ನೂರ ಅರವತ್ತಾರು. ತನ್ನ ಮಗಳಿಗಿಂತಲೂ ಕಡಿಮೆ! ಅಂಥ ಕೂಸು ಈಗ ಲಾರಿ ಓಡಿಸುತ್ತಿದೆ. ಆ ಮಧ್ಯಾಹ್ನ ಅವಳು ತಟ್ಟೆಯಲ್ಲಿದ್ದುದನ್ನೆಲ್ಲ ಉಂಡಳು.

ಸಂಜೆ ಲಾರಿ ನಿಲ್ಲಿಸಿ ಬಂದ ಗಂಡನಿಗೆ ಇದನ್ನೇ ಹೇಳಿದಳು. ಅವನು ಹುಬ್ಬೇರಿಸಿದ.

“ಯಾರು, ನಾನಾ? ನಾಲ್ಕು ಸೇರಿದ್ನಂತೆ. ನನ್ನ ಹೆರೋಕೆ ಪಟ್ಟ ಪಾಡನ್ನ ಅಮ್ಮ ಈಗ್ಲೂ ಎತ್ತಾಡ್ತಾಳೆ. ಇರು, ಕೇಳ್ತೀನಿ.”

ಅವಳು ಅವನ ತೋಳು ಹಿಡಿದಳು. “ಕೇಳ್ಬೇಡಿ.”

“ಯಾಕೆ?”

“ಬೇಡ ಅಂದ್ನಲ್ಲ.”

ಕಾರಿಡಾರಿನ ತುದಿಯ ಬೆಂಚಿನಲ್ಲಿ ಅತ್ತೆ ಕಾಲು ನೀವಿಕೊಳ್ಳುತ್ತಿದ್ದರು. ನರ್ಸ್ ಬಾಗಿಲು ತೆರೆದು, ಒಬ್ಬರು ಒಳಗೆ ಬಂದು ಮಗುವನ್ನು ಮುಟ್ಟಬಹುದು, ಒಬ್ಬರೇ, ಎಂದಳು. ಬಾಣಂತಿ ಗೋಡೆ ಹಿಡಿದು ಎದ್ದವಳು ಹಾಗೇ ನಿಂತಳು.

“ಅತ್ತೆ, ನೀವು ಹೋಗಿ.”

“ನಾನಾ? ಹೆತ್ತೋಳು ನೀನು.”

“ನಾನು ನಾಳೆ ಹೋಗ್ತೀನಿ. ಹೋಗಿ.”

ಬಾಗಿಲ ಗಾಜಿನಾಚೆ ಅತ್ತೆ ಬಳೆಗಳನ್ನು ಮೇಲೇರಿಸಿ ಮೊಣಕೈವರೆಗೂ ಸೋಪು ಹಚ್ಚಿಕೊಂಡರು. ನರ್ಸ್ ಸಾಕು ಎಂದಳು. ಅವರು ನಲ್ಲಿ ನಿಲ್ಲಿಸದೆ ಒಂದೊಂದೇ ಬೆರಳನ್ನು ಉಜ್ಜುತ್ತಲೇ ಇದ್ದರು.