ಅಯಸ್ಕಾಂತ ನಂಬಿ ಕಳೆದ ಮೂರು ಭಾನುವಾರ

ಅಡ್ಡ ಪ್ಲೇಟು ಮತ್ತೆ ಕೈಕೊಟ್ಟಿತ್ತು.

ಶನಿವಾರ ಬೆಳಗ್ಗೆ ಭಟ್ಟಿಯ ಬಾಗಿಲು ತೆಗೆದು, ಮೇಸ್ತ್ರಿ ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದ. ಪ್ಲೇಟಿನ ನಡುವೆ ತಲೆ ತೂರುವಷ್ಟು ತೂತು. ಅಂಚೆಲ್ಲ ಸುಟ್ಟ ಕಾಗದದಂತೆ ಸುರುಟಿಕೊಂಡಿತ್ತು. ಕೆಳಗೆ ಕಪ್ಪು ಚಕ್ಕೆಗಳ ರಾಶಿ.

ಆ ಕಾರ್ಖಾನೆಯಲ್ಲಿ ಬೋಲ್ಟು, ಸ್ಪ್ರಿಂಗುಗಳನ್ನು ಕೆಂಪಗೆ ಕಾಯಿಸಿ ಗಟ್ಟಿ ಮಾಡುತ್ತಾರೆ. ಎಣ್ಣೆಯ ಜ್ವಾಲೆ ಪಕ್ಕದಿಂದ ನುಗ್ಗುತ್ತದೆ. ಅದು ನೇರವಾಗಿ ಮಾಲಿಗೆ ತಗುಲಿದರೆ ಒಂದು ಮಗ್ಗುಲು ಸುಟ್ಟು ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿಯುತ್ತದೆ. ಹಾಗಾಗದಿರಲೆಂದು ಜ್ವಾಲೆಗೂ ಮಾಲಿಗೂ ನಡುವೆ ಒಂದು ದಪ್ಪ ಸ್ಟೀಲ್ ಪ್ಲೇಟು ನಿಲ್ಲಿಸುತ್ತಾರೆ. ಭಾರ ಹೊರುವ ಕೆಲಸ ಅದಕ್ಕಿಲ್ಲ. ದಿನವಿಡೀ ಬೆಂಕಿಗೆ ಮುಖ ಕೊಟ್ಟು ನಿಲ್ಲಬೇಕು, ಅಷ್ಟೆ.

"ಏನ್ ಮೇಸ್ತ್ರಿ, ಹೋಯ್ತಾ?" ಹಿಂದಿನಿಂದ ಯಜಮಾನರು ಕೇಳಿದರು.

"ಹೋಯ್ತು ಯಜಮಾನ್ರೇ."

"ತಿಂಗಳು ತುಂಬೋದೇ ತಡ, ಹೋಗುತ್ತಲ್ರೀ ಇದು! ಕ್ಯಾಲೆಂಡರ್ ನೋಡ್ಕೊಂಡು ಸಾಯುತ್ತಾ ಏನ್ ಕಥೆ? ಏನಾದ್ರೂ ಮಾಡಿ. ಸೋಮವಾರ ಬೆಳಗ್ಗೆ ಭಟ್ಟಿ ಹೊತ್ತಲೇಬೇಕು."

ಮೇಸ್ತ್ರಿ ತಲೆಯಾಡಿಸಿದ. ಅವನ ಮನಸ್ಸು ಸೋಮವಾರದ ಮೇಲಿರಲಿಲ್ಲ. ನಾಳೆ ಎರಡನೇ ಭಾನುವಾರ.

ಮೇಸ್ತ್ರಿಗೆ ಇರುವುದು ಒಬ್ಬಳೇ ಮಗಳು. ಎಂಟು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು. ಕಳೆದ ವರ್ಷ ಪಕ್ಕದ ಪಟ್ಟಣದಲ್ಲಿ ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಹಾಸ್ಟೆಲ್ಲೂ ಅಲ್ಲೇ. ಅಪ್ಪ ಅಮ್ಮ ಬಂದು ನೋಡಲು ತಿಂಗಳಿಗೆ ಒಂದೇ ದಿನ, ಎರಡನೇ ಭಾನುವಾರ. ಬೇರೆ ಮಕ್ಕಳ ಅಪ್ಪಂದಿರು ಫೋನಿನಲ್ಲಿ ಮಗುವಿನ ದನಿ ಕೇಳಿ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬಹುದು. ಇವನಿಗೆ ಆ ಭಾಗ್ಯವಿಲ್ಲ. ವಾರ್ಡನ್ ಒಂದೆರಡು ಸಲ ವಿಡಿಯೋ ಕರೆ ಮಾಡಿಸಿದ್ದರು. ಚಿತ್ರ ತಡೆತಡೆದು ಬಂತು, ಮಗಳ ಬೆರಳುಗಳು ಮಸುಕಾದವು. ಅವಳು ಏನು ಹೇಳಿದಳೋ, ಇವನು ಏನು ತಿಳಿದುಕೊಂಡನೋ. ಮಗಳ ಜೊತೆ ಮಾತಾಡಬೇಕೆಂದರೆ ಅವಳ ಎದುರು ಕೂತು, ಅವಳ ಕೈ ನೋಡಬೇಕು.

ಮೂರು ತಿಂಗಳಿಂದ ಅದು ಆಗಿಲ್ಲ. ಮೂರು ಸಲವೂ ಇದೇ ಪ್ಲೇಟು, ಇದೇ ಭಾನುವಾರ. ಹೆಂಡತಿ ಒಬ್ಬಳೇ ಹೋಗಿ ಬಂದಳು. ಬಂದವಳು ಪ್ರತಿ ಸಲ ಒಂದೇ ಮಾತು ಹೇಳಿದಳು: "ಹೊಸ ಹೊಸ ಸನ್ನೆ ಕಲ್ತಿದಾಳೆ ರೀ. ಎಷ್ಟು ಬೇಗ ಬೇಗ ಮಾತಾಡ್ತಾಳೆ ಅಂದ್ರೆ ನನಗೇ ಅರ್ಧ ತಿಳಿಯಲ್ಲ."

ಮೇಸ್ತ್ರಿ ಆ ಮಾತನ್ನೇ ಮೆಲುಕು ಹಾಕುತ್ತಿದ್ದ. ಹೆಂಡತಿಗೇ ಅರ್ಧ ತಿಳಿಯದಿದ್ದರೆ ತನಗೆ? ಮಗಳ ಮಾತು ಮುಂದೆ ಮುಂದೆ ಓಡುತ್ತಿದೆ, ತಾನು ಭಟ್ಟಿಯೊಳಗೆ ಬಗ್ಗಿಕೊಂಡು ಕೂತಿದ್ದೇನೆ ಅನ್ನಿಸುತ್ತಿತ್ತು. ಊಟಕ್ಕೆ ಕೂತಾಗ ಯಾರೂ ನೋಡದ ಹಾಗೆ ಮೇಜಿನ ಕೆಳಗೆ ಗೊತ್ತಿದ್ದ ಸನ್ನೆಗಳನ್ನು ಮಾಡಿ ನೋಡಿಕೊಳ್ಳುತ್ತಿದ್ದ. ನೀರು, ಬಾ, ಹಸಿವು, ನಿದ್ದೆ. ಹೋದ ವಾರ 'ಹಕ್ಕಿ' ಮರೆತುಹೋಗಿತ್ತು. ಎಷ್ಟು ಹೊತ್ತು ಯೋಚಿಸಿದರೂ ಕೈಗೆ ಬರಲಿಲ್ಲ.

ಈ ಸಲ ಬಿಡುವುದಿಲ್ಲ ಎಂದು ಅವನು ಲೆಕ್ಕ ಹಾಕಿದ. ಗುಜರಿ ಅಂಗಡಿಯಿಂದ ತಂದ ಹೊಳೆಯುವ ಪ್ಲೇಟು ಇನ್ನೊಂದು ಉಳಿದಿದೆ. ಸಂಜೆಯೊಳಗೆ ಅದನ್ನು ಕೂರಿಸಿ, ಕಿತ್ತ ಇಟ್ಟಿಗೆ ಕಟ್ಟಿಬಿಟ್ಟರೆ, ನಾಳೆಯಿಡೀ ಸಣ್ಣ ಬೆಂಕಿಯಲ್ಲಿ ಒಣಗುತ್ತದೆ. ಕಾಯಲು ಕಾವಲುಗಾರ ಇದ್ದಾನೆ. ತಾನು ಬೆಳಗಿನ ಬಸ್ಸು ಹಿಡಿಯಬಹುದು.

ಮಧ್ಯಾಹ್ನ ಹೆಂಡತಿ ಊಟ ತಂದಳು. ಜೊತೆಗೆ ಅವಳ ತಂಗಿಯೂ ಬಂದಿದ್ದಳು. ನಾಳೆ ಅಕ್ಕನ ಮಗಳನ್ನು ನೋಡಲು ತಾನೂ ಹೊರಡುವುದಕ್ಕೆಂದು ರಜೆ ಹಾಕಿದ್ದಳು. ಆ ನಾದಿನಿಯ ಕೆಲಸ ಲೋಹ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಯಾವ ತುಂಡಿನಲ್ಲಿ ಏನು ಎಷ್ಟು ಬೆರೆತಿದೆ ಎಂದು ನೋಡಿ ಬರೆದುಕೊಡುವುದು.

ನಾದಿನಿ ಡಬ್ಬಿ ಕೆಳಗಿಟ್ಟವಳೇ ಕಿತ್ತು ಹಾಕಿದ್ದ ಹಳೆಯ ಪ್ಲೇಟಿನ ಹತ್ತಿರ ಕೂತಳು. ಉಗುರಿನಲ್ಲಿ ಗೀರಿದಳು. ಅಂಗೈಯಗಲದ ಚಕ್ಕೆ ಎದ್ದು ಬಂತು.

"ಭಾವ, ಇದನ್ನ ಯಾರು ಕೊಟ್ರು?"

"ಗುಜರಿಯಿಂದ ನಾನೇ ಆರಿಸಿ ತಂದೆ. ಅಸಲಿ ಸ್ಟೇನ್‌ಲೆಸ್. ಒಂದ್ ಚೂರೂ ಮ್ಯಾಗ್ನೆಟ್ ಅಂಟಲ್ಲ." ಮೇಸ್ತ್ರಿ ಅಂಗಿಯ ಜೇಬಿನಿಂದ ಗುಂಡಗಿನ ಅಯಸ್ಕಾಂತ ತೆಗೆದು ತೋರಿಸಿದ. ಇಪ್ಪತ್ತು ವರ್ಷದಿಂದ ಅದು ಅವನ ಜೇಬಿನಲ್ಲೇ ಇತ್ತು. "ನನಗೆ ಟೋಪಿ ಹಾಕೋಕೆ ಆಗಲ್ಲಮ್ಮ. ನಾಲ್ಕು ತಿಂಗಳ ಹಿಂದೆ ಸ್ಟೀಲ್ ಅಂಗಡಿಯವನು ಎರಡು ಪ್ಲೇಟು ಕಳಿಸಿದ್ದ. ಬೆಂಕಿಗೆ ಅಂತಲೇ ಮಾಡಿದ್ದು ಅಂದ. ಹಿಡಿದು ನೋಡ್ತೀನಿ, ಟಪ್ ಅಂತ ಅಂಟಿಕೊಳ್ತು! ಬರೀ ಕಬ್ಬಿಣ. ಅದೇ ಗಾಡಿಯಲ್ಲಿ ವಾಪಸ್ ಕಳಿಸಿದೆ."

ನಾದಿನಿಯ ಮುಖ ಸಣ್ಣಗಾಯಿತು. "ಆ ಪ್ಲೇಟಿನ ಮೇಲೆ ನಂಬರ್ ಒತ್ತಿತ್ತಾ? ಜೊತೆಗೆ ಲ್ಯಾಬ್ ಪರೀಕ್ಷೆಯ ಕಾಗದ ಇತ್ತಾ?"

"ಇತ್ತು. ಕಾಗದದಲ್ಲಿ ಏನ್ ಬೇಕಾದ್ರೂ ಬರೀಬಹುದು. ಸ್ಟೇನ್‌ಲೆಸ್ ಅಂದ್ರೆ ಮ್ಯಾಗ್ನೆಟ್ ಅಂಟಬಾರ್ದು. ಹಾಲು ಕುಡಿಯೋ ಮಗೂಗೂ ಗೊತ್ತು."

"ಹಾಲು ಕುಡಿಯೋ ಮಗೂಗೆ ಗೊತ್ತಿರೋದು ಹಾಲು ಮಾತ್ರ ಭಾವ."

ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕಳು. ಮೇಸ್ತ್ರಿ ನಗಲಿಲ್ಲ.

"ನೋಡಿ ಭಾವ," ಎಂದಳು ನಾದಿನಿ, "ಸ್ಟೇನ್‌ಲೆಸ್ ಸ್ಟೀಲಲ್ಲಿ ಎರಡು ಮನೆತನ ಇದೆ ಅಂದ್ಕೊಳ್ಳಿ. ಪಾತ್ರೆ, ಸಿಂಕು ಮಾಡೋದು ಹೆಚ್ಚಾಗಿ ಒಂದರಲ್ಲಿ. ಅದಕ್ಕೆ ನಿಕ್ಕಲ್ಲೋ ಮ್ಯಾಂಗನೀಸೋ ಬೆರೆಸ್ತಾರೆ, ಮ್ಯಾಗ್ನೆಟ್ ಅಂಟಲ್ಲ. ಇನ್ನೊಂದರ ಹೆಸರು ಫೆರಿಟಿಕ್. ಅದಕ್ಕೆ ಅಂಟುತ್ತೆ, ಅಂಟಲೇಬೇಕು. ಅದೂ ಅಸಲಿ ಸ್ಟೇನ್‌ಲೆಸ್ಸೇ. ಬೆಂಕಿಗೆ ಅಂತ ಮಾಡಿರೋ ಫೆರಿಟಿಕ್‌ಗೆ ಕ್ರೋಮಿಯಂ ಜಾಸ್ತಿ ಹಾಕಿರ್ತಾರೆ, ನೂರು ಪಾಲಲ್ಲಿ ಇಪ್ಪತ್ತನಾಲ್ಕು ಪಾಲಿನಷ್ಟು. ಕೆಲವಕ್ಕೆ ಸ್ವಲ್ಪ ಅಲ್ಯೂಮಿನಿಯಂ ಕೂಡ. ಕಾದಾಗ ಮೈಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ. ಆ ಪದರವೇ ಅದಕ್ಕೆ ಕವಚ."

"ನನ್ನ ಪ್ಲೇಟಿಗೂ ಕಟ್ಟಿತ್ತಲ್ಲ. ಕೆಳಗೆ ರಾಶಿ ಬಿದ್ದಿದೆ ನೋಡು."

"ಅದೇ ಕಷ್ಟ. ನಿಮ್ಮದು ಕಟ್ಟುತ್ತೆ, ಉದುರುತ್ತೆ. ಈ ಪ್ಲೇಟಿನ ಜಾತಿ ಬಿಸಿಗೆ ಬಹಳ ಹಿಗ್ಗುತ್ತೆ, ಆರಿದ್ರೆ ಅಷ್ಟೇ ಕುಗ್ಗುತ್ತೆ. ನೀವು ದಿನಾ ಭಟ್ಟಿ ಹೊತ್ತಿಸ್ತೀರಿ, ದಿನಾ ಆರಿಸ್ತೀರಿ. ಪದರಕ್ಕೆ ಅಷ್ಟು ಎಳೆದಾಟ ತಡೆಯಲ್ಲ. ಚಕ್ಕೆ ಎದ್ದು ಹೋಗುತ್ತೆ, ಕೆಳಗಿನ ಹೊಸ ಮೈ ಮತ್ತೆ ಸುಡುತ್ತೆ. ಫೆರಿಟಿಕ್ ಅಷ್ಟೊಂದು ಹಿಗ್ಗಲ್ಲ, ಪದರ ಕಚ್ಚಿಕೊಂಡಿರುತ್ತೆ. ಇನ್ನು ನಿಮ್ಮ ಎಣ್ಣೆಯಲ್ಲಿ ಗಂಧಕ ಬೇರೆ. ನಿಕ್ಕಲ್ ಇರೋ ಸ್ಟೀಲನ್ನ ಗಂಧಕ ಬೇಗ ತಿನ್ನುತ್ತೆ, ಫೆರಿಟಿಕ್ ಅದನ್ನ ಎಷ್ಟೋ ವಾಸಿ ತಡೆಯುತ್ತೆ."

"ಬಾಯಲ್ಲಿ ಹೇಳೋದು ಸುಲಭ. ನಾನು ಕಣ್ಣಲ್ಲಿ ನೋಡಿದ್ದನ್ನ ನಂಬೋನು."

ನಾದಿನಿ ಎದ್ದು ಭಟ್ಟಿಯೊಳಗೆ ಬಗ್ಗಿದಳು. ಮೇಲ್ಗಡೆಯಿಂದ ಒಂದು ಕೊಳವೆ ಇಳಿಬಿದ್ದಿತ್ತು. ಒಳಗಿನ ಶಾಖ ಅಳೆಯುವ ತಂತಿಗೆ ಅದು ಕವಚ.

"ಈ ಕೊಳವೆ ಹಾಕಿ ಎಷ್ಟು ದಿನ ಆಯ್ತು?"

"ನಾಲ್ಕು ವರ್ಷ ಆಯ್ತು. ಮುಟ್ಟಿಲ್ಲ, ಬದಲಾಯಿಸಿಲ್ಲ."

"ಅದೇ ಬೆಂಕಿ, ಅದೇ ಎಣ್ಣೆ. ಪ್ಲೇಟು ತಿಂಗಳಿಗೆ ಸತ್ತರೆ ಇದು ನಾಲ್ಕು ವರ್ಷದಿಂದ ಬದುಕಿದೆ. ಎಲ್ಲಿ, ನಿಮ್ಮ ಮ್ಯಾಗ್ನೆಟ್ ಹಿಡೀರಿ ನೋಡೋಣ."

ಮೇಸ್ತ್ರಿ ತೋಳು ಚಾಚಿ ತಣ್ಣಗಿದ್ದ ಕೊಳವೆಯ ಹತ್ತಿರ ಅಯಸ್ಕಾಂತ ಹಿಡಿದ. ಅದು ಅವನ ಬೆರಳು ಬಿಡಿಸಿಕೊಂಡು ಹೋಗಿ ಟಪ್ಪೆಂದು ಅಂಟಿಕೊಂಡಿತು.

ಅವನು ಅದನ್ನು ಕಿತ್ತು ಮತ್ತೆ ಹಿಡಿದ, ಮತ್ತೆ ಅಂಟಿತು. ನಾಲ್ಕು ವರ್ಷ ಕಣ್ಣೆದುರಿಗೇ ಇದ್ದದ್ದು. ಒಂದು ದಿನವಾದರೂ ಹಿಡಿದು ನೋಡಿರಲಿಲ್ಲ. ಭಟ್ಟಿಯನ್ನು ಬೈದಿದ್ದ, ಎಣ್ಣೆಯನ್ನು ಬೈದಿದ್ದ, ಯಜಮಾನರನ್ನು ಮನಸ್ಸಿನಲ್ಲೇ ಬೈದಿದ್ದ. ಮೂರು ಭಾನುವಾರ ಮಗಳು ಗೇಟಿನ ಹತ್ತಿರ ಅಮ್ಮನ ಹಿಂದೆ ಕಣ್ಣು ಹಾಯಿಸಿ ಅಪ್ಪನನ್ನು ಹುಡುಕಿದ್ದಳಂತೆ. ಅವಳಿಂದ ಅಪ್ಪನನ್ನು ದೂರವಿಟ್ಟದ್ದು ಯಾರು? ತಾನೇ ವಾಪಸ್ ಗಾಡಿ ಹತ್ತಿಸಿದ ಆ ಎರಡು ಪ್ಲೇಟು.

ಯಜಮಾನರು ಅಷ್ಟರಲ್ಲಿ ಬಂದು ನಿಂತಿದ್ದರು. "ಏನ್ ಮೇಸ್ತ್ರಿ, ನಿಮ್ಮ ಗುರುಗಳೇ ಕೈಕೊಟ್ರಾ?" ಎಂದು ಅಯಸ್ಕಾಂತ ತೋರಿಸಿ ನಕ್ಕರು. ಆಮೇಲೆ ಮೇಸ್ತ್ರಿಯ ಮುಖ ನೋಡಿ ನಗು ನಿಲ್ಲಿಸಿ, ಸ್ಟೀಲ್ ಅಂಗಡಿಗೆ ಫೋನ್ ಮಾಡಿದರು. ಪುಣ್ಯಕ್ಕೆ ಆ ಪ್ಲೇಟುಗಳು ಇನ್ನೂ ಅಲ್ಲೇ ಇದ್ದವು. ಆದರೆ ಗಾಡಿ ಬರುವುದು ನಾಳೆ ಬೆಳಗ್ಗೆ.

ನಾಳೆ ಬೆಳಗ್ಗೆ ಅಂದರೆ ಭಾನುವಾರ. ಕೂರಿಸಲು ಬರುವುದು ಮೇಸ್ತ್ರಿಗೆ ಮಾತ್ರ.

"ಗುಜರಿ ಪ್ಲೇಟೇ ಇನ್ನೊಂದು ಸಲ ಹಾಕಿಬಿಡಿ," ಎಂದರು ಯಜಮಾನರು ಮೆತ್ತಗೆ. "ಹೋಗಿ ಮಗೂನ ನೋಡ್ಕೊಂಡು ಬನ್ನಿ. ಮುಂದಿನ ತಿಂಗಳು ನೋಡೋಣ."

ಮೇಸ್ತ್ರಿ ಗೋಡೆಗೆ ಒರಗಿಸಿದ್ದ ಹೊಳೆಯುವ ಪ್ಲೇಟನ್ನು ನೋಡಿದ. ಅದನ್ನು ಹಾಕಿದರೆ ನಾಳೆ ಮಗಳು ಸಿಗುತ್ತಾಳೆ. ತಿಂಗಳು ತುಂಬುವಾಗ ಮತ್ತೆ ಇದೇ ತೂತು, ಇದೇ ಟಾರ್ಚು. ಚಕ್ಕೆ ಉದುರಿ ಮಾಲು ಕೆಡುತ್ತದೆ. ಮುರಿದ ತುಂಡು ಕೆಂಪಗಿದ್ದಾಗಲೇ ಬಾಗಿಲ ಕಡೆ ಬಿದ್ದರೆ ಎದುರಿಗೆ ನಿಂತವರ ಗತಿಯೇನು? ಅವನು ಹೆಂಡತಿಯ ಕಡೆ ತಿರುಗಿದ.

"ನೀವಿಬ್ಬರೂ ಹೋಗಿ ಬನ್ನಿ. ನಾನು ಇದನ್ನ ಸರಿಯಾಗಿ ಮಾಡಿ ಮುಗಿಸ್ತೀನಿ."

"ರೀ..." ಎಂದಳು ಹೆಂಡತಿ. ಅವನ ತೋಳು ಹಿಡಿದು, ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ, "ನಾನೇನು ಹೇಳಲಿ ಅವಳಿಗೆ?" ಅಂದಳು.

"ಮುಂದಿನ ತಿಂಗಳು ಬರ್ತಾರೆ ಅನ್ನು."

"ಮೂರು ಸಲ ಅದನ್ನೇ ಹೇಳಿದೀನಿ."

ಮೇಸ್ತ್ರಿ ಬಗ್ಗಿ ಕಿತ್ತ ಇಟ್ಟಿಗೆಗಳನ್ನು ಒಂದು ಕಡೆ ಜೋಡಿಸತೊಡಗಿದ.

ಹೊರಡುವ ಮೊದಲು ನಾದಿನಿ ಒತ್ತಿ ಒತ್ತಿ ಹೇಳಿದಳು. "ಭಾವ, ಪ್ಲೇಟಿನ ಮೇಲಿನ ನಂಬರೂ ಕಾಗದದ ನಂಬರೂ ಒಂದೇನಾ ನೋಡಿ. ಈ ಜಾತಿ ತಣ್ಣಗಿದ್ದಾಗ ಪೆಡಸು, ಸುತ್ತಿಗೆ ಎತ್ತಿ ಬಡಿದ್ರೆ ಬಿರುಕು ಬಿಡುತ್ತೆ. ಬಗ್ಗಿಸೋದಿದ್ರೆ ಕೈ ಇಡೋಕಾಗದಷ್ಟು ಬಿಸಿ ಮಾಡಿಕೊಂಡು ಬಗ್ಗಿಸಿ. ಬೆಂಕಿಯಲ್ಲಿ ಕಾದಾಗ ಮೆತ್ತಗಾಗುತ್ತೆ, ಅದಕ್ಕೇ ಇದರ ಮೇಲೆ ಭಾರ ಹೇರಬೇಡಿ. ಕೆಳಗೆ ಉದ್ದಕ್ಕೂ ಇಟ್ಟಿಗೆ ಆಸರೆ ಕೊಡಿ. ಹಿಗ್ಗೋಕೆ ಪಕ್ಕದಲ್ಲಿ ಜಾಗ ಬಿಡಿ."

"ಹೂಂ. ಇನ್ಮೇಲೆ ಅಂಟಿದ್ದನ್ನೇ ತಗೋತೀನಿ ಬಿಡು."

"ಅಯ್ಯೋ ದೇವ್ರೇ! ಮಾಮೂಲಿ ಕಬ್ಬಿಣಕ್ಕೂ ಅಂಟುತ್ತೆ ಭಾವ! ಅಂಟಿದ್ರೂ ಅಂಟದಿದ್ರೂ ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ. ಅನುಮಾನ ಇದ್ರೆ ಒಂದು ತುಂಡು ಲ್ಯಾಬಿಗೆ ಕಳಿಸಿ."

ಭಾನುವಾರ ಮೇಸ್ತ್ರಿ ಒಬ್ಬನೇ ಕೆಲಸ ಮಾಡಿದ. ಬಸ್ಸು ಹೊರಡುವ ಹೊತ್ತಿಗೆ ಪ್ಲೇಟಿನ ನಂಬರು ಕಾಗದಕ್ಕೆ ತಾಳೆ ನೋಡುತ್ತಿದ್ದ. ಶಾಲೆಯ ಗೇಟು ತೆಗೆಯುವ ಹೊತ್ತಿಗೆ ಅಂಚು ಬಿಸಿ ಮಾಡುತ್ತಿದ್ದ. ಈಗ ಅವಳು ಓಡಿ ಬಂದಿರುತ್ತಾಳೆ, ಈಗ ಚಿಕ್ಕಮ್ಮನ ಕೈಚೀಲ ತಡಕುತ್ತಿರುತ್ತಾಳೆ, ಈಗ ಸುತ್ತ ನೋಡುತ್ತಿರುತ್ತಾಳೆ. ಇಟ್ಟಿಗೆಯ ಗಾರೆ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿ ಹತ್ತಿ, ತನ್ನನ್ನು ತಾನೇ ಬೈದುಕೊಂಡ.

ತಿಂಗಳು ಕಳೆಯಿತು. ಎರಡನೇ ಭಾನುವಾರಕ್ಕೆ ಮುಂಚಿನ ಶನಿವಾರ ಅವನು ಭಟ್ಟಿಯ ಬಾಗಿಲು ತೆಗೆದು ಟಾರ್ಚ್ ಹಿಡಿದ. ಯಜಮಾನರೂ ಬಗ್ಗಿ ನೋಡಿದರು. ಪ್ಲೇಟು ನಿಂತ ಹಾಗೇ ನಿಂತಿತ್ತು. ಮೈಮೇಲೆ ಕಪ್ಪು ಬೂದು ಬಣ್ಣದ ತೆಳುವಾದ ಪದರ. ಕೆಳಗೆ ಚಕ್ಕೆಯೇ ಇಲ್ಲ ಅನ್ನುವಷ್ಟು ಕಡಿಮೆ.

"ನಿಮ್ಮ ನಾದಿನಿಗೆ ನನ್ನ ನಮಸ್ಕಾರ ಹೇಳಿ," ಎಂದರು ಯಜಮಾನರು. "ಇನ್ಮೇಲೆ ಕಾಗದ ನೋಡದೆ ಒಂದು ತುಂಡೂ ಗೇಟಿನ ಒಳಗೆ ಬರೋ ಹಾಗಿಲ್ಲ. ಬೋರ್ಡ್ ಬರೆಸ್ತೀನಿ."

ಭಾನುವಾರ ಶಾಲೆಯ ಗೇಟಿನಲ್ಲಿ ಮಗಳು ಓಡಿ ಬರಲಿಲ್ಲ. ನಿಂತು ನೋಡಿದಳು. ಅಪ್ಪನೇ ಹೌದೋ ಎಂದು ಖಚಿತ ಮಾಡಿಕೊಳ್ಳುವ ಹಾಗೆ. ಎತ್ತರವಾಗಿದ್ದಳು. ಆಮೇಲೆ ಹತ್ತಿರ ಬಂದವಳೇ ಎರಡೂ ಕೈಯಲ್ಲಿ ಗಡಿಬಿಡಿಯಿಂದ ಮಾತಾಡತೊಡಗಿದಳು. ನಾಲ್ಕು ತಿಂಗಳ ಮಾತು. ಮೇಸ್ತ್ರಿಗೆ ಒಂದೆರಡು ಸನ್ನೆ ಬಿಟ್ಟರೆ ಏನೂ ತಿಳಿಯಲಿಲ್ಲ. ಅವನು ಸುಮ್ಮನೆ ತಲೆಯಾಡಿಸಿದ. ಮಗಳು ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಅವನಿಗೆ ತಿಳಿಯುತ್ತಿಲ್ಲವೆಂದು ಅವಳಿಗೆ ತಿಳಿಯಿತು.

ಅವಳು ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿದಳು. ಸುಟ್ಟ ಗಾಯದ ಗುರುತುಗಳಿದ್ದ ಅವನ ಬೆರಳುಗಳನ್ನು ಹಿಡಿದು, ಒಂದೊಂದಾಗಿ ಮಡಿಸಿ, ಮೊದಲನೆಯ ಮಾತಿನಿಂದ ಶುರುಮಾಡಿದಳು. ನಿಧಾನಕ್ಕೆ. ಟೀಚರು ಮಾಡುವ ಹಾಗೆ. ತಪ್ಪಿದಾಗ ಹಣೆ ಚಚ್ಚಿಕೊಂಡಳು. ಸಂಜೆಯ ಹೊತ್ತಿಗೆ ಅವನಿಗೆ ಹನ್ನೊಂದು ಹೊಸ ಮಾತು ಬಂತು. ಅವಳ ಹತ್ತಿರ ಇನ್ನೆಷ್ಟು ಇದ್ದವೋ.

ಹೊರಡುವಾಗ ಮಗಳು ಸನ್ನೆಯಲ್ಲೇ ಕೇಳಿದಳು: ಮತ್ತೆ ಬರ್ತೀಯಾ? ನಿಜವಾಗಿ?

ಬರ್ತೀನಿ ಎಂದಿತು ಅವನ ಕೈ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮಾತನ್ನು ಅವನು ಅಳುಕಿಲ್ಲದೆ ಹೇಳಿದ.

ಭಟ್ಟಿ, ಬಾಯ್ಲರು, ಒಲೆಗಳ ಮುಂದೆ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಕಾರ್ಖಾನೆ ನಡೆಸುವ ಯಜಮಾನರೇ, ಬೆಂಕಿಗೆ ಒಡ್ಡುವ ಸ್ಟೀಲನ್ನು ಹೊಳಪು ನೋಡಿ, ಅಯಸ್ಕಾಂತ ಹಿಡಿದು ಆರಿಸಬೇಡಿ. ನಿಮ್ಮ ಭಟ್ಟಿಯಲ್ಲಿ ಎಷ್ಟು ಬಿಸಿ, ಯಾವ ಎಣ್ಣೆ, ಪ್ಲೇಟಿನ ಮೇಲೆ ಭಾರ ಬೀಳುತ್ತದೆಯೋ ಇಲ್ಲವೋ, ಇಷ್ಟನ್ನು ತಿಳಿಸಿ ಅದಕ್ಕೆ ತಕ್ಕದ್ದನ್ನೇ ಕೇಳಿ ಪಡೆಯಿರಿ. ಪರೀಕ್ಷೆಯ ಕಾಗದ ಇಸಿದುಕೊಳ್ಳಿ, ನಂಬರು ತಾಳೆ ನೋಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ಅವರು ನಿಮಗಿಂತ ಚಿಕ್ಕವರಾದರೂ ಸರಿಯೆ. ಒಂದು ಪ್ಲೇಟು ತಪ್ಪಿದರೆ ಭಟ್ಟಿ ನಿಲ್ಲುತ್ತದೆ, ಮಾಲು ಕೆಡುತ್ತದೆ, ಮೈ ಸುಡುತ್ತದೆ. ಅವನ್ನೆಲ್ಲ ಮತ್ತೆ ಸರಿಮಾಡಬಹುದೇನೋ. ನಿಮ್ಮ ದಾರಿ ಕಾಯುತ್ತ ಗೇಟಿನಲ್ಲಿ ನಿಂತವರ ಒಂದು ಭಾನುವಾರ ಹೋದರೆ, ಅದನ್ನು ಯಾವ ಮೇಸ್ತ್ರಿಯೂ ವಾಪಸ್ ತಂದುಕೊಡಲಾರ.