ಸಂತೆಯಲ್ಲಿ ಉಳಿದ ಅರ್ಧ ಮಾತು

ನರೇಗಲ್ ಸಂತೆಯಲ್ಲಿ ರೋಣದ ವಿಧಾನಸಭೆ ಅಭ್ಯರ್ಥಿ ಶ್ರೀಧರರಾಯರ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಜನ ಕರಗಿಹೋದರು. ಆಚೆ ಬೀದಿಗೆ ಎದುರಾಳಿಯ ಜೀಪು ಬಂದಿತ್ತು. ಅಲ್ಲಿ ಏನೇನೋ ಪುಕ್ಕಟೆ ಕೊಡುವ ಮಾತು ನಡೆದಿತ್ತು. ರಾಯರದು ಹಳೇ ಕಾಲದ ಮಾತು. ಪುಕ್ಕಟೆ ಏನೂ ಬೇಡ, ದುಡಿದವರ ದುಡ್ಡು ದುಡಿದವರ ಕೈಯಲ್ಲೇ ಉಳಿಯಲಿ. ಸಣ್ಣ ಅಂಗಡಿಗಳಿಗೆ ತೆರಿಗೆಯೂ ಕಾಗದಪತ್ರವೂ ಕಡಿಮೆಯಾಗಲಿ. ಮೊದಲೆಲ್ಲ ಭಾಷಣವನ್ನು ಮನೆಯಲ್ಲಿ ಹೆಂಡತಿಯೆದುರು ಓದಿ ನೋಡುತ್ತಿದ್ದರು. ಹೋದ ವರ್ಷ ಆಕೆ ತೀರಿಕೊಂಡಿದ್ದರು. ಇನ್ನು ಸಾಕು, ಮನೆಗೆ ಹೋಗೋಣ ಎನ್ನಿಸಿ ರಾಯರು ಹಾಳೆಗಳನ್ನು ಮಡಚಿದರು.

ಪಕ್ಕದಲ್ಲೇ ಬಳೆ ಮಾರುತ್ತಿದ್ದ ಕಾಶೀಂಬಿ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಸೆರಗಿನಿಂದ ಧೂಳು ಒರೆಸಿದಳು.

"ಕುಂದರ್ರಿ ರಾಯರ. ಯಾಕ ಮಡಚಿದ್ರಿ? ಇನ್ನೂ ಎರಡು ಹಾಳಿ ಉಳದಾವಲ್ಲ?"

"ಕೇಳೋರು ಯಾರಿದ್ದಾರವಾ?"

"ನಾ ಇದ್ದೇನಲ್ರಿ. ತೆರಿಗಿ ಕಮ್ಮಿ ಮಾಡ್ತೇನಂದ್ರಿ, ಭಾಳ ಚಲೋ ಆತು. ಗಿರಾಕಿ ಹ್ಯಾಂಗ ಹೆಚ್ಚು ಮಾಡ್ತೀರಿ?"

"ಖರೇ ಹೇಳ್ತೇನಿ, ಅದು ಸರಕಾರದ ಕೈಯಾಗಿಲ್ಲ. ನಿಮ್ಮ ಕೈಗುಣದಾಗ ಅದ."

"ಹಿಂಗ ಖರೇ ಹೇಳಿದ್ರ ನೀವು ಆರಿಸಿ ಬಂದಂಗ ಬಿಡ್ರಿ!" ಕಾಶೀಂಬಿ ನಕ್ಕಳು. ಆಮೇಲೆ ಸಂಕೋಚದಿಂದ ಹೇಳಿದಳು: "ನಂದು ವೋಟು ನರಗುಂದದಾಗ ಐತ್ರಿ, ನಿಮಗ ಬೀಳೂದಿಲ್ಲ. ಆದ್ರೂ ಹೇಳಿ ಮುಗಸ್ರಿ. ಅರ್ಧಾ ಮಾತು ಹೊತ್ಕೊಂಡು ಮನಿಗೆ ಹೋಗಬಾರದು."

ರಾಯರು ಮೈಕು ಬಂದ್ ಮಾಡಿ ಪೆಟ್ಟಿಗೆಯ ಮೇಲೆ ಕುಳಿತರು. ಉಳಿದೆರಡು ಹಾಳೆಗಳನ್ನು, ಮನೆಯಲ್ಲಿ ಓದುತ್ತಿದ್ದ ದನಿಯಲ್ಲೇ, ಕಾಶೀಂಬಿಯೊಬ್ಬಳಿಗೇ ಓದಿದರು.